ಸಂಬಂಧಾತ್ಮಕ ದತ್ತಸಂಚಯದ ಸ್ಥಾಪನೆ: ಕನ್ನಡ ಶಾಸನಸೂಚಿಯ ನಿದರ್ಶನ

ಪೀಠಿಕೆ

ಶಾಸನಾಭ್ಯಾಸಿಯೊಬ್ಬರು ಗಣಕಯಂತ್ರದ ಮುಂದೆ ಕುಳಿತು 'ಪೊೞಲ್' ಎಂಬ ಪದವನ್ನು ಹುಡುಕುತ್ತಿದ್ದಾರೆಂದು ಭಾವಿಸೋಣ. ನಗರ, ಪಟ್ಟಣ ಎಂಬ ಅರ್ಥವುಳ್ಳ ಈ ಹಳಗನ್ನಡ ಪದವು ತಾವೇ ಹಿಂದಿನ ವಾರ ಸೇರಿಸಿದ ಶಾಸನಪಾಠದಲ್ಲಿದೆ ಎಂಬುದು ಅವರಿಗೆ ಚೆನ್ನಾಗಿ ತಿಳಿದಿದೆ. ಆದರೂ ಪರದೆಯ ಮೇಲೆ ಮೂಡುವ ಉತ್ತರ 'ಸೊನ್ನೆ ದಾಖಲೆಗಳು' ಎಂದು. ಯಂತ್ರವೇನೂ ಕೆಟ್ಟಿಲ್ಲ, ದೋಷಸೂಚನೆಯೂ ಬಂದಿಲ್ಲ. ಇರುವ ವಸ್ತುವನ್ನು ಇಲ್ಲವೆಂದು ಯಂತ್ರವು ಶಾಂತವಾಗಿ ಹೇಳಿದೆ, ಅಷ್ಟೆ. ತಾವೇ ಸೇರಿಸಿದ ಪಾಠವಾದುದರಿಂದ ಇವರಿಗೆ ಸಂಶಯ ಬಂದೀತು. ಬೇರೊಬ್ಬ ಸಂಶೋಧಕರಾಗಿದ್ದರೆ ಆ ಉತ್ತರವನ್ನು ನಂಬಿ, 'ಈ ಪದವು ಈ ಪ್ರದೇಶದ ಶಾಸನಗಳಲ್ಲಿ ದೊರೆಯುವುದಿಲ್ಲ' ಎಂದು ತಮ್ಮ ಪ್ರಬಂಧದಲ್ಲಿ ಬರೆದುಬಿಡುವ ಅಪಾಯವಿದೆ.

ಇಂತಹ ಸುಳ್ಳು ಉತ್ತರದ ಬೇರು ಬಹುಮಟ್ಟಿಗೆ ದತ್ತಸಂಚಯವನ್ನು ಹುಟ್ಟುಹಾಕಿದ ಮೊದಲ ದಿನದಲ್ಲಿಯೇ ಇರುತ್ತದೆ. ಹೊಸ ದತ್ತಸಂಚಯವನ್ನು ಸೃಷ್ಟಿಸುವುದು ಒಂದೇ ಸಾಲಿನ ಆದೇಶದಿಂದ ಕ್ಷಣಾರ್ಧದಲ್ಲಿ ಆಗಿಹೋಗುವ ಕೆಲಸ. ಆದರೆ ಆ ಸಾಲಿನಲ್ಲಿ ಹೇಳಿದ ಮತ್ತು ಹೇಳದೆ ಬಿಟ್ಟ ಕೆಲವು ಸಂಗತಿಗಳು ಆ ಸಂಚಯದ ಆಯುಷ್ಯವಿಡೀ ಅದರ ನಡವಳಿಕೆಯನ್ನು ನಿರ್ಧರಿಸುತ್ತವೆ. ಆ ಸಂಗತಿಗಳಾವುವು, ಕನ್ನಡ ಪಠ್ಯದ ಮಟ್ಟಿಗೆ ಅವುಗಳ ಮಹತ್ತ್ವವೇನು ಎಂಬುದನ್ನು ಕನ್ನಡ ಶಾಸನಗಳ ಸೂಚಿಯೊಂದನ್ನು ಉದಾಹರಣೆಯಾಗಿಟ್ಟುಕೊಂಡು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ. ಮುಕ್ತ ತಂತ್ರಾಂಶವೂ ಬಹುಬಳಕೆಯದೂ ಆದ 'ಪೋಸ್ಟ್‌ಗ್ರೆಸ್' ವ್ಯವಸ್ಥೆಯನ್ನು ಮುಖ್ಯವಾಗಿ ಆಧರಿಸಲಾಗಿದ್ದು, ಅಗತ್ಯವಿರುವಲ್ಲಿ ಇತರ ವ್ಯವಸ್ಥೆಗಳನ್ನೂ ಪ್ರಸ್ತಾಪಿಸಲಾಗಿದೆ.

ಸಂಬಂಧಾತ್ಮಕ ಮಾದರಿಯ ಹಿನ್ನೆಲೆ

ಐಬಿಎಂ ಸಂಸ್ಥೆಯ ಸ್ಯಾನ್ ಹೋಸೆ ಸಂಶೋಧನಾಲಯದಲ್ಲಿದ್ದ ಗಣಿತಜ್ಞ ಇ. ಎಫ್. ಕಾಡ್ 1970ರಲ್ಲಿ ಪ್ರಕಟಿಸಿದ ಪ್ರಬಂಧವು ಸಂಬಂಧಾತ್ಮಕ ದತ್ತಸಂಚಯಗಳಿಗೆ ಅಡಿಪಾಯ ಹಾಕಿತು. ದತ್ತಾಂಶವು ಯಂತ್ರದೊಳಗೆ ಯಾವ ಕ್ರಮದಲ್ಲಿ, ಯಾವ ಕೊಂಡಿಗಳಿಂದ ಹೆಣೆದುಕೊಂಡಿದೆ ಎಂಬುದನ್ನು ಬಳಕೆದಾರರು ಅರಿಯಬೇಕಾದ ಅಗತ್ಯವಿರಬಾರದು ಎಂಬುದು ಅವರ ಮೂಲ ಆಶಯ. ಎಲ್ಲ ಮಾಹಿತಿಯನ್ನೂ ಅಡ್ಡಸಾಲು ಮತ್ತು ಕಂಬಸಾಲುಗಳುಳ್ಳ ಕೋಷ್ಟಕಗಳಾಗಿ ಕಾಣಬೇಕು. ಒಂದು ಕೋಷ್ಟಕವನ್ನು ಇನ್ನೊಂದರೊಡನೆ ಸೇರಿಸುವ ಕಾರ್ಯ ಅವುಗಳಲ್ಲಿರುವ ಮೌಲ್ಯಗಳ ಮೂಲಕವೇ ನಡೆಯಬೇಕು. ಈ ಮಾದರಿಗೆ ಒಪ್ಪುವ ಪ್ರಶ್ನಭಾಷೆಯನ್ನು ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಮಂಡಿಸಿದರು. ಅದೇ ಮುಂದೆ 'ಎಸ್‌ಕ್ಯೂಎಲ್' ಎಂಬ ಹೆಸರಿನಿಂದ ಬೆಳೆದು 1986ರಲ್ಲಿ ಅಮೆರಿಕದ ಮಾನಕವಾಗಿಯೂ ಮರುವರ್ಷ ಅಂತಾರಾಷ್ಟ್ರೀಯ ಮಾನಕವಾಗಿಯೂ ಅಂಗೀಕೃತವಾಯಿತು. ಕಾಡ್ ಅವರಿಗೆ 1981ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿ ಕೇಂದ್ರದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ನೇತೃತ್ವದಲ್ಲಿ 1986ರಲ್ಲಿ ಆರಂಭವಾದ ಯೋಜನೆಯೇ ಇಂದಿನ ಪೋಸ್ಟ್‌ಗ್ರೆಸ್ ವ್ಯವಸ್ಥೆಯ ಮೂಲ.

ಶಾಸನಗಳ ಅಧ್ಯಯನಕ್ಕೆ ಈ ಮಾದರಿ ಸಹಜವಾಗಿ ಒಗ್ಗುತ್ತದೆ. ಬಿ. ಎಲ್. ರೈಸ್ ಅವರು 1886ರಲ್ಲಿ ಕೊಡಗಿನ ಶಾಸನಗಳ ಸಂಪುಟದಿಂದ ಆರಂಭಿಸಿದ 'ಎಪಿಗ್ರಾಫಿಯಾ ಕರ್ನಾಟಿಕ' ಶ್ರೇಣಿಯಲ್ಲಿ ಪ್ರತಿಯೊಂದು ಶಾಸನಕ್ಕೂ ತಾಲ್ಲೂಕಿನ ಹೆಸರು ಮತ್ತು ಕ್ರಮಸಂಖ್ಯೆಯನ್ನು ಕೊಡುವ ಪದ್ಧತಿ ಬಂದಿತು. ಕದಂಬರ ಇತಿಹಾಸಕ್ಕೆ ಆಧಾರವಾದ ತಾಳಗುಂದದ ಸ್ತಂಭಶಾಸನವು ಏಳನೆಯ ಸಂಪುಟದ ಶಿಕಾರಿಪುರ 176 ಎಂದೇ ವಿದ್ವಾಂಸರಿಗೆ ಪರಿಚಿತ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1970ರ ದಶಕದಿಂದ ಪರಿಷ್ಕೃತ ಸಂಪುಟಗಳನ್ನು ಹೊರತಂದಿತು. ಒಂದೇ ಶಾಸನಕ್ಕೆ ಹೀಗೆ ಹಳೆಯ ಮತ್ತು ಹೊಸ ಉಲ್ಲೇಖಗಳೆರಡೂ ಇರಬಹುದಾದ್ದರಿಂದ, ಶಾಸನಗಳಿಗೊಂದು ಕೋಷ್ಟಕ, ಪ್ರಕಟಣೆಗಳಿಗೊಂದು ಕೋಷ್ಟಕ, ಸ್ಥಳಗಳಿಗೊಂದು ಕೋಷ್ಟಕ ಎಂದು ಬೇರ್ಪಡಿಸಿ, ಅವುಗಳ ನಡುವೆ ಸಂಬಂಧ ಕಲ್ಪಿಸುವುದು ಯುಕ್ತ. ಆದರೆ ಈ ಕೋಷ್ಟಕಗಳನ್ನು ರಚಿಸುವ ಮೊದಲು ಅವು ನೆಲೆಗೊಳ್ಳಬೇಕಾದ ದತ್ತಸಂಚಯವನ್ನು ಸ್ಥಾಪಿಸಬೇಕು.

ಸೃಷ್ಟಿಯ ಆದೇಶ ಮತ್ತು ಅದರ ಅರ್ಥ

'ದತ್ತಸಂಚಯ ನಿರ್ವಹಣಾ ವ್ಯವಸ್ಥೆ' ಮತ್ತು 'ದತ್ತಸಂಚಯ' ಎಂಬೆರಡು ಮಾತುಗಳನ್ನು ಇಲ್ಲಿ ಬೇರ್ಪಡಿಸಿ ನೋಡಬೇಕು. ಮೊದಲನೆಯದು ತಂತ್ರಾಂಶ, ಎರಡನೆಯದು ಆ ತಂತ್ರಾಂಶದ ಆಳ್ವಿಕೆಗೆ ಒಳಪಟ್ಟ ಒಂದು ಪ್ರತ್ಯೇಕ ಸಂಗ್ರಹ. ಗ್ರಂಥಾಲಯದ ಆಡಳಿತಕ್ಕೂ ಅದರೊಳಗಿನ ಒಂದು ಭಂಡಾರಕ್ಕೂ ಇರುವ ಅಂತರ ಇದು. ಹೊಸ ಭಂಡಾರವನ್ನು ತೆರೆಯುವ ಆದೇಶ 'ಕ್ರಿಯೇಟ್ ಡೇಟಾಬೇಸ್' ಎಂಬುದು. ಅದರ ಮುಂದೆ ಹೆಸರೊಂದನ್ನು ಬರೆದರೆ ಸಾಕು.

ಎಸ್‌ಕ್ಯೂಎಲ್ ಮಾನಕದಲ್ಲಿ ಈ ಆದೇಶವೇ ಇಲ್ಲವೆಂಬುದು ಗಮನಾರ್ಹ. ಕೋಷ್ಟಕವನ್ನು ರಚಿಸುವ ವಿಧಾನವನ್ನು ಮಾನಕವು ವಿವರವಾಗಿ ವಿಧಿಸುತ್ತದೆ. ದತ್ತಸಂಚಯದ ಸೃಷ್ಟಿಯನ್ನು ಮಾತ್ರ ಆಯಾ ತಂತ್ರಾಂಶದ ತಯಾರಕರಿಗೆ ಬಿಟ್ಟುಕೊಟ್ಟಿದೆ. ಆದ್ದರಿಂದಲೇ ಒಂದು ವ್ಯವಸ್ಥೆಯಲ್ಲಿ ಕಲಿತದ್ದು ಇನ್ನೊಂದರಲ್ಲಿ ಹಾಗೆಯೇ ಅನ್ವಯಿಸುವುದಿಲ್ಲ. 'ಎಸ್‌ಕ್ಯೂಲೈಟ್' ವ್ಯವಸ್ಥೆಯಲ್ಲಿ ದತ್ತಸಂಚಯವೆಂದರೆ ಒಂದು ಕಡತ ಮಾತ್ರ. 'ಮೈಎಸ್‌ಕ್ಯೂಎಲ್'ನಲ್ಲಿ ದತ್ತಸಂಚಯ ಮತ್ತು 'ಸ್ಕೀಮಾ' ಎಂಬುವು ಒಂದೇ ವಸ್ತುವಿನ ಎರಡು ಹೆಸರು. ಪೋಸ್ಟ್‌ಗ್ರೆಸ್‌ನಲ್ಲಾದರೋ ದತ್ತಸಂಚಯದ ಒಳಗೆ ಹಲವು ಸ್ಕೀಮಾಗಳು, ಅಂದರೆ ಕೋಷ್ಟಕಗಳ ಗುಂಪುಗಳು, ಇರಬಹುದು. ಅಲ್ಲಿ ಒಂದು ದತ್ತಸಂಚಯದಲ್ಲಿರುವ ಕೋಷ್ಟಕವನ್ನು ಇನ್ನೊಂದು ದತ್ತಸಂಚಯದ ಕೋಷ್ಟಕದೊಡನೆ ನೇರವಾಗಿ ಸೇರಿಸಿ ಪ್ರಶ್ನಿಸಲಾಗುವುದಿಲ್ಲ. ಅದಕ್ಕೆ ಪ್ರತ್ಯೇಕ ಏರ್ಪಾಡು ಬೇಕಾಗುತ್ತದೆ. ಜಿಲ್ಲೆಗೊಂದು ದತ್ತಸಂಚಯವೆಂದು ಆರಂಭಿಸಿದರೆ ಶಿವಮೊಗ್ಗದ ಶಾಸನಗಳನ್ನು ಉತ್ತರ ಕನ್ನಡದ ಶಾಸನಗಳೊಡನೆ ಹೋಲಿಸುವುದೇ ತೊಡಕಾದೀತು. ಒಟ್ಟಿಗೆ ಪ್ರಶ್ನಿಸಬೇಕಾದುದೆಲ್ಲ ಒಂದೇ ದತ್ತಸಂಚಯದಲ್ಲಿರಬೇಕೆಂಬುದು ಮೊದಲ ನಿಯಮ.

ಹೆಸರಿನ ವಿಷಯದಲ್ಲಿಯೂ ಒಂದು ಮಿತಿಯಿದೆ. ಪೋಸ್ಟ್‌ಗ್ರೆಸ್‌ನಲ್ಲಿ ಯಾವುದೇ ಹೆಸರು 63 ಬೈಟ್‌ಗಳನ್ನು ಮೀರುವಂತಿಲ್ಲ. ಕನ್ನಡದ ಪ್ರತಿಯೊಂದು ಸಂಕೇತವೂ ಮೂರು ಬೈಟ್‌ಗಳನ್ನು ಬೇಡುವುದರಿಂದ ಕನ್ನಡ ಲಿಪಿಯ ಹೆಸರು 21 ಸಂಕೇತಗಳಿಗೆ ಮುಗಿದುಹೋಗುತ್ತದೆ. ಸಂಚಯದ ಮತ್ತು ಕೋಷ್ಟಕಗಳ ಹೆಸರುಗಳನ್ನು ರೋಮನ್ ಲಿಪಿಯ ಸಣ್ಣಕ್ಷರಗಳಲ್ಲಿಟ್ಟು, ಒಳಗಿನ ವಿಷಯವನ್ನು ಕನ್ನಡದಲ್ಲಿಡುವುದು ವ್ಯವಹಾರಕ್ಕೆ ಅನುಕೂಲ.

ಅಚ್ಚಿನಿಂದ ಪ್ರತಿ

ಹೊಸ ದತ್ತಸಂಚಯವು ಶೂನ್ಯದಿಂದ ಹುಟ್ಟುವುದಿಲ್ಲ. ಪೋಸ್ಟ್‌ಗ್ರೆಸ್ ವ್ಯವಸ್ಥೆಯನ್ನು ಸ್ಥಾಪಿಸಿದಾಗಲೇ 'ಟೆಂಪ್ಲೇಟ್-1' ಮತ್ತು 'ಟೆಂಪ್ಲೇಟ್-0' ಎಂಬ ಎರಡು ಅಚ್ಚುಗಳು ಸಿದ್ಧವಾಗಿರುತ್ತವೆ. ಬೇರೇನನ್ನೂ ಹೇಳದಿದ್ದರೆ ಮೊದಲನೆಯ ಅಚ್ಚಿನ ಪ್ರತಿಯೇ ಹೊಸ ದತ್ತಸಂಚಯವಾಗುತ್ತದೆ. ಯಾರಾದರೂ ಆ ಅಚ್ಚಿನಲ್ಲಿ ಒಂದು ಕೋಷ್ಟಕವನ್ನು ಮರೆತು ಬಿಟ್ಟಿದ್ದರೆ ಅದೂ ಪ್ರತಿಯಾಗಿ ಬರುತ್ತದೆ. ಟೆಂಪ್ಲೇಟ್-0 ಮಾತ್ರ ಯಾರೂ ಮುಟ್ಟದಂತೆ ಕಾಯ್ದಿಟ್ಟ ಶುದ್ಧಪ್ರತಿ.

ಈ ವ್ಯತ್ಯಾಸಕ್ಕೆ ಕನ್ನಡದ ದೃಷ್ಟಿಯಿಂದ ವಿಶೇಷ ಅರ್ಥವಿದೆ. ಅಚ್ಚಿನಲ್ಲಿ ಯಾವ ಸಂಕೇತೀಕರಣ ಮತ್ತು ಯಾವ ವಿಂಗಡಣಾ ಕ್ರಮವಿದೆಯೋ ಪ್ರತಿಯಲ್ಲಿಯೂ ಅವೇ ಇರುತ್ತವೆ. ಅವುಗಳನ್ನು ಬದಲಿಸಿ ಸೃಷ್ಟಿಸಬೇಕಾದರೆ ಟೆಂಪ್ಲೇಟ್-0ಯನ್ನೇ ಅಚ್ಚಾಗಿ ಹೆಸರಿಸಬೇಕು. ಟೆಂಪ್ಲೇಟ್-1ರಲ್ಲಿ ಈಗಾಗಲೇ ಬೇರೊಂದು ಕ್ರಮಕ್ಕೆ ಒಳಪಟ್ಟ ಪಠ್ಯ ಸೇರಿರಬಹುದೆಂಬ ಶಂಕೆಯೇ ಈ ನಿರ್ಬಂಧಕ್ಕೆ ಕಾರಣ. ಇದನ್ನರಿಯದೆ ಆದೇಶ ನೀಡಿ, ಬಂದ ದೋಷಸೂಚನೆಗೆ ಬೆದರಿ, ಕನ್ನಡದ ನಿಯಮವನ್ನೇ ಆದೇಶದಿಂದ ತೆಗೆದುಹಾಕುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು.

ಸಂಕೇತೀಕರಣದ ಆಯ್ಕೆ

ಯಂತ್ರವು ಅಕ್ಷರವನ್ನು ಸಂಖ್ಯೆಯಾಗಿ ಮಾತ್ರ ಬಲ್ಲದು. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬ ಒಪ್ಪಂದವೇ ಸಂಕೇತೀಕರಣ. ಯುನಿಕೋಡ್ ಮಾನಕದ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ವಿಭಾಗವೊಂದು ದೊರೆಯಿತು. ಈ ಸಂಖ್ಯೆಗಳನ್ನು ಬೈಟ್‌ಗಳಾಗಿ ಬರೆಯುವ ಪ್ರಚಲಿತ ವಿಧಾನ 'ಯುಟಿಎಫ್-8'. 'ಶಾಸ್ತ್ರ' ಎಂಬ ಪದದಲ್ಲಿ ಕಣ್ಣಿಗೆ ಕಾಣುವ ಅಕ್ಷರಗಳು ಎರಡು, ಯುನಿಕೋಡ್ ಸಂಕೇತಗಳು ಏಳು, ಬೈಟ್‌ಗಳು 21. ಕಂಬಸಾಲಿನ ಉದ್ದಕ್ಕೆ ಮಿತಿ ಹಾಕುವಾಗ ವ್ಯವಸ್ಥೆಯು ಎಣಿಸುವುದು ಸಂಕೇತಗಳನ್ನೇ ಹೊರತು ನಾವು ಉಚ್ಚರಿಸುವ ಅಕ್ಷರಗಳನ್ನಲ್ಲ. ಹತ್ತು ಅಕ್ಷರದ ಊರ ಹೆಸರಿಗೆ ಹತ್ತು ಸ್ಥಾನ ಸಾಲದೆ ಹೋಗುವುದು ಈ ಕಾರಣದಿಂದ.

ಸೃಷ್ಟಿಯ ವೇಳೆ ಈ ಆಯ್ಕೆಯನ್ನು ಮರೆತರೆ ಆಗುವ ಹಾನಿ ಸಣ್ಣದಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ 2018ರ 8.0 ಆವೃತ್ತಿ ಬರುವವರೆಗೆ ತಾನಾಗಿಯೇ ಒದಗುತ್ತಿದ್ದ ಸಂಕೇತೀಕರಣ ಪಶ್ಚಿಮ ಯುರೋಪಿನ ಭಾಷೆಗಳಿಗೆ ಮೀಸಲಾದ 'ಲ್ಯಾಟಿನ್-1'. ಅದರ ವಿಂಗಡಣಾ ಕ್ರಮ ಸ್ವೀಡಿಷ್ ಭಾಷೆಯದು. ಆ ತಂತ್ರಾಂಶ ಸ್ವೀಡನ್ನಿನಲ್ಲಿ ಹುಟ್ಟಿದ್ದರ ಗುರುತು ಅದು. ಅಂತಹ ಸಂಚಯಕ್ಕೆ ಸೇರಿಸಿದ ಕನ್ನಡ ಪಠ್ಯವು ಎಷ್ಟೋ ಸಂದರ್ಭಗಳಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಉಳಿಯುತ್ತಿತ್ತು. ಒಮ್ಮೆ ಹಾಗಾದ ಪಠ್ಯವನ್ನು ಮರಳಿ ಪಡೆಯುವ ಉಪಾಯವಿಲ್ಲ, ಏಕೆಂದರೆ ಮೂಲ ಸಂಖ್ಯೆಗಳೇ ಅಳಿದುಹೋಗಿರುತ್ತವೆ.

ಕರ್ನಾಟಕದಲ್ಲಿ ಇನ್ನೊಂದು ಬಗೆಯ ತೊಡಕೂ ಇದೆ. ಯುನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ ಮೊದಲಾದ ತಂತ್ರಾಂಶಗಳ ಮೂಲಕ ಅಪಾರ ಪ್ರಮಾಣದ ಕನ್ನಡ ಪಠ್ಯ ಸಿದ್ಧವಾಯಿತು. ಅವುಗಳ ಅಂದಿನ ಅಕ್ಷರಶೈಲಿಗಳಲ್ಲಿ ಸಂಖ್ಯೆಗಳು ಅಕ್ಷರದ ತುಂಡುಗಳ ಆಕಾರವನ್ನು ಸೂಚಿಸುತ್ತಿದ್ದವು, ಅಕ್ಷರವನ್ನಲ್ಲ. ಮುದ್ರಣಕ್ಕೆ ಅದು ಸಾಕಾಗಿತ್ತು. ಆದರೆ ಆ ಕಡತಗಳನ್ನು ಪರಿವರ್ತಿಸದೆ ನೇರವಾಗಿ ದತ್ತಸಂಚಯಕ್ಕೆ ಸುರಿದರೆ ಯಂತ್ರವು ಅವನ್ನು ರೋಮನ್ ಲಿಪಿಯ ಅರ್ಥಹೀನ ಸಾಲುಗಳೆಂದೇ ತಿಳಿಯುತ್ತದೆ. ಯುಟಿಎಫ್-8ರಲ್ಲಿ ಸಂಚಯವನ್ನು ಸೃಷ್ಟಿಸುವುದು ಮತ್ತು ಹಳೆಯ ಪಠ್ಯವನ್ನು ಯುನಿಕೋಡಿಗೆ ಪರಿವರ್ತಿಸಿಯೇ ಒಳಸೇರಿಸುವುದು ಜೊತೆಜೊತೆಯಾಗಿ ನಡೆಯಬೇಕಾದ ಕಾರ್ಯಗಳು.

ವರ್ಣಮಾಲೆಯ ಕ್ರಮ

ಎರಡನೆಯ ಆಯ್ಕೆ ವಿಂಗಡಣಾ ಕ್ರಮದ್ದು. ಯುನಿಕೋಡಿನ ಸಂಖ್ಯಾಕ್ರಮವೇ ಕನ್ನಡದ ಅಕಾರಾದಿ ಕ್ರಮವೆಂದು ಭಾವಿಸುವವರುಂಟು. ಅದು ಪೂರ್ತಿ ನಿಜವಲ್ಲ. ಯುನಿಕೋಡಿನ ಭಾರತೀಯ ಲಿಪಿವಿಭಾಗಗಳು 'ಇಸ್ಕಿ' ಎಂಬ ಭಾರತೀಯ ಮಾನಕದ ವಿನ್ಯಾಸವನ್ನು ಅನುಸರಿಸಿದವು. ಎಲ್ಲ ಭಾರತೀಯ ಲಿಪಿಗಳಲ್ಲಿಯೂ ಸಮಾನ ಧ್ವನಿಗೆ ಸಮಾನ ಸ್ಥಾನವಿರಲೆಂಬುದು ಆ ವಿನ್ಯಾಸದ ಉದ್ದೇಶ. ಅದರಿಂದಾಗಿ ಕನ್ನಡದ 'ಳ'ಕಾರವು 'ಲ'ಕಾರದ ಮಗ್ಗುಲಲ್ಲಿ, 'ವ'ಕಾರಕ್ಕಿಂತ ಮೊದಲು ಕುಳಿತಿತು. ನಮ್ಮ ವರ್ಣಮಾಲೆಯಲ್ಲಾದರೋ 'ಳ'ಕಾರ ಬರುವುದು 'ಹ'ಕಾರದ ಬಳಿಕ. ಕೇವಲ ಸಂಖ್ಯಾಕ್ರಮದಿಂದ ವಿಂಗಡಿಸಿದರೆ ಬನವಾಸಿ, ಬಳ್ಳಾರಿ, ಬಸರಾಳು ಎಂಬ ಕ್ರಮ ಸಿಗುತ್ತದೆ. ಕನ್ನಡ ಕ್ರಮದಲ್ಲಿ ಬನವಾಸಿ, ಬಸರಾಳು, ಬಳ್ಳಾರಿ ಎಂದಿರಬೇಕು. ಸಾವಿರಾರು ಊರುಗಳ ಸೂಚಿಯಲ್ಲಿ ಓದುಗನು 'ಬಳ್ಳಾರಿ'ಯನ್ನು ವಾಡಿಕೆಯ ಸ್ಥಾನದಲ್ಲಿ ಹುಡುಕಿ ಕಾಣದೆ ಹಿಂದಿರುಗುವನು.

ಹಳಗನ್ನಡದ 'ೞ'ಕಾರದ ಸ್ಥಿತಿ ಇನ್ನೂ ವಿಚಿತ್ರ. ತಮಿಳು ಮತ್ತು ಮಲಯಾಳ ಲಿಪಿಗಳಲ್ಲಿ ಈ ಧ್ವನಿಗಿರುವ ಸಮಾನ ಸ್ಥಾನವು ಕನ್ನಡ ವಿಭಾಗದಲ್ಲಿ ಖಾಲಿಯಿದೆ. ನಮ್ಮ 'ೞ'ಕಾರವನ್ನು ಸ್ವರಚಿಹ್ನೆಗಳೆಲ್ಲ ಮುಗಿದ ಮೇಲೆ ದೂರದ ಒಂದು ಸ್ಥಾನದಲ್ಲಿರಿಸಲಾಗಿದೆ. ಅದರ ಇಂಗ್ಲಿಷ್ ಹೆಸರೂ 'ಫ' ಎಂದು ತಪ್ಪಾಗಿ ದಾಖಲಾಗಿದೆ. ಮಾನಕದಲ್ಲಿ ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವ ಪದ್ಧತಿಯಿಲ್ಲವಾದ್ದರಿಂದ, ಅದು ತಪ್ಪೆಂಬ ಟಿಪ್ಪಣಿಯೊಂದಿಗೆ ಹಾಗೆಯೇ ಉಳಿದಿದೆ.

ಭಾಷೆಗಳ ಕ್ರಮವನ್ನು ಬಲ್ಲ 'ಐಸಿಯು' ಎಂಬ ತಂತ್ರಾಂಶಭಂಡಾರವು ಈ ಸಮಸ್ಯೆಗೆ ಪರಿಹಾರ ಒದಗಿಸುತ್ತದೆ. ಅದರ ಕನ್ನಡ ನಿಯಮದಲ್ಲಿ 'ಳ' ಮತ್ತು 'ೞ'ಕಾರಗಳು 'ಹ'ಕಾರದ ನಂತರವೇ ಬರುತ್ತವೆ. ಪೋಸ್ಟ್‌ಗ್ರೆಸ್ 2017ರ 10ನೆಯ ಆವೃತ್ತಿಯಲ್ಲಿ ಈ ಭಂಡಾರದ ಬಳಕೆಗೆ ಅವಕಾಶ ಕೊಟ್ಟಿತು. 2022ರ 15ನೆಯ ಆವೃತ್ತಿಯಿಂದ ಇಡೀ ದತ್ತಸಂಚಯಕ್ಕೇ ಅದನ್ನು ಮೂಲಕ್ರಮವಾಗಿ ವಿಧಿಸಬಹುದಾಗಿದೆ.

ಮೂಲಕ್ರಮವನ್ನು ಸೃಷ್ಟಿಯ ಹೊತ್ತಿನಲ್ಲಿಯೇ ನಿರ್ಧರಿಸಬೇಕಾದುದಕ್ಕೆ ತಾಂತ್ರಿಕ ಕಾರಣವಿದೆ. ಶೀಘ್ರ ಹುಡುಕಾಟಕ್ಕಾಗಿ ವ್ಯವಸ್ಥೆಯು ಕಟ್ಟಿಕೊಳ್ಳುವ 'ಇಂಡೆಕ್ಸ್' ಎಂಬ ರಚನೆಯಲ್ಲಿ ಪದಗಳು ಆ ಕ್ರಮದಲ್ಲಿಯೇ ಜೋಡಣೆಗೊಂಡಿರುತ್ತವೆ. ಕ್ರಮ ಬದಲಾದರೆ ಜೋಡಣೆ ಸುಳ್ಳಾಗುತ್ತದೆ. ಇದ್ದ ಪದ ಇಲ್ಲವಾಗುತ್ತದೆ. ಲಿನಕ್ಸ್ ವ್ಯವಸ್ಥೆಗಳ 'ಜಿಲಿಬ್‌ಸಿ' ಭಂಡಾರದ 2.28ನೆಯ ಆವೃತ್ತಿಯಲ್ಲಿ, 2018ರಲ್ಲಿ, ವಿಂಗಡಣಾ ನಿಯಮಗಳು ಬದಲಾದಾಗ ಅದನ್ನವಲಂಬಿಸಿದ್ದ ಸಂಚಯಗಳ ಇಂಡೆಕ್ಸ್‌ಗಳನ್ನು ಮತ್ತೆ ಕಟ್ಟಬೇಕಾಗಿ ಬಂದದ್ದು ಈ ಅಪಾಯಕ್ಕೆ ನಿದರ್ಶನ. ಸಂಕೇತೀಕರಣ ಮತ್ತು ಮೂಲಕ್ರಮಗಳೆರಡನ್ನೂ ಮುಂದೆ ಬದಲಿಸಬಯಸಿದರೆ ಇರುವ ಏಕೈಕ ನೇರ ಮಾರ್ಗವೆಂದರೆ, ಹೊಸ ದತ್ತಸಂಚಯವನ್ನು ಸೃಷ್ಟಿಸಿ ಹಳೆಯದರಲ್ಲಿರುವುದೆಲ್ಲವನ್ನೂ ಅಲ್ಲಿಗೆ ಸಾಗಿಸುವುದು.

ಒಂದೇ ಪದ, ಹಲವು ರೂಪ

ಈಗ ಪೀಠಿಕೆಯ 'ಪೊೞಲ್' ಪದಕ್ಕೆ ಮರಳಬಹುದು. ಸಂಕೇತೀಕರಣವೂ ಕ್ರಮವೂ ಸರಿಯಾಗಿದ್ದಾಗಲೂ ಅದು ಸಿಗದಿರಲು ಕಾರಣವೇನು?

ಯುನಿಕೋಡಿನಲ್ಲಿ 'ೊ' ಎಂಬ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ ಮತ್ತು ಊಕಾರದ ಕೊಂಬು ಎಂಬ ಎರಡು ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಮೊದಲ ರೀತಿಯಲ್ಲಿ 'ಪೊೞಲ್' ಪದಕ್ಕೆ ಐದು ಸಂಕೇತಗಳು, ಎರಡನೆಯ ರೀತಿಯಲ್ಲಿ ಆರು. ಹೋಲಿಸುವ ಯಂತ್ರಕ್ಕೆ ಅವು ಭಿನ್ನ ಪದಗಳು. 'ೀ', 'ೇ', 'ೈ', 'ೋ' ಚಿಹ್ನೆಗಳಿಗೂ ಇದೇ ದ್ವಿವಿಧತೆಯಿದೆ. ಇದಲ್ಲದೆ ಕೆಲವು ಕೀಲಿಮಣೆಗಳು ಪದಾಂತ್ಯದ ವ್ಯಂಜನದ ಬಳಿಕ ಅಕ್ಷರಗಳು ಕೂಡದಂತೆ ತಡೆಯುವ ಅದೃಶ್ಯ ಸಂಕೇತವೊಂದನ್ನು ಸೇರಿಸುತ್ತವೆ. 'ಪೊೞಲ್' ಎಂದು ಇಬ್ಬರು ಬರೆದಾಗ ಒಬ್ಬರ ಪದದ ಕೊನೆಯಲ್ಲಿ ಅದು ಇದ್ದು ಇನ್ನೊಬ್ಬರದರಲ್ಲಿ ಇಲ್ಲದಿರಬಹುದು. ಕಣ್ಣು ಈ ಭೇದವನ್ನು ಎಂದಿಗೂ ಗುರುತಿಸಲಾರದು.

ಇದಕ್ಕೆ ಪರಿಹಾರ ಒಳಬರುವ ಬಾಗಿಲಿನಲ್ಲಿಯೇ ಇದೆ. ಜೋಡಿ ಸಂಕೇತಗಳನ್ನು ಒಂದೇ ರೂಪಕ್ಕೆ ತರುವ 'ಪ್ರಸಾಮಾನ್ಯೀಕರಣ' ಸೌಲಭ್ಯವನ್ನು ಪೋಸ್ಟ್‌ಗ್ರೆಸ್ 2020ರ 13ನೆಯ ಆವೃತ್ತಿಯಿಂದ ಒದಗಿಸಿದೆ. ಸಂಕೇತೀಕರಣ ಯುಟಿಎಫ್-8 ಆಗಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಪ್ರಸಾಮಾನ್ಯ ರೂಪದಲ್ಲಿಲ್ಲದ ಪಠ್ಯವನ್ನು ಕೋಷ್ಟಕವು ತಿರಸ್ಕರಿಸುವಂತೆ ಷರತ್ತು ವಿಧಿಸಬಹುದು. ಆದರೆ ಅದೃಶ್ಯ ಸಂಕೇತವನ್ನು ಈ ಕ್ರಿಯೆ ತೆಗೆದುಹಾಕುವುದಿಲ್ಲ. ಆದ್ದರಿಂದ ಎರಡು ಕಂಬಸಾಲುಗಳನ್ನಿಡುವುದು ಉಚಿತ. ಒಂದರಲ್ಲಿ ಸಂಪಾದಕರು ಒಪ್ಪಿದ ಶಾಸನಪಾಠ ಇದ್ದಂತೆಯೇ ಇರಲಿ. ಇನ್ನೊಂದರಲ್ಲಿ ಅದೃಶ್ಯ ಸಂಕೇತಗಳನ್ನು ಕಳೆದು, 'ೞ'ಕಾರವನ್ನು 'ಳ'ಕಾರವಾಗಿಯೂ 'ಱ'ಕಾರವನ್ನು 'ರ'ಕಾರವಾಗಿಯೂ ಮಾಡಿದ ಹುಡುಕುಪಾಠವಿರಲಿ. ಹುಡುಕುವವರ ಪದಕ್ಕೂ ಇದೇ ಸಂಸ್ಕಾರ ಮಾಡಿ ಹೋಲಿಸಿದರೆ 'ಪೊಳಲ್' ಎಂದು ಕೇಳಿದ ವಿದ್ಯಾರ್ಥಿಗೂ 'ಪೊೞಲ್' ದೊರೆಯುತ್ತದೆ. ಮೂಲಪಾಠಕ್ಕೆ ಚ್ಯುತಿಯೂ ಬರುವುದಿಲ್ಲ.

ಒಡೆತನ ಮತ್ತು ಪ್ರವೇಶ

ಸೃಷ್ಟಿಯ ಆದೇಶವು ಒಡೆಯರನ್ನೂ ಗೊತ್ತುಪಡಿಸುತ್ತದೆ. ಹೇಳದೆ ಬಿಟ್ಟರೆ ಆದೇಶ ನೀಡಿದವರೇ ಒಡೆಯರು. ತಾಂತ್ರಿಕ ಸಹಾಯಕರು ತಮ್ಮ ವೈಯಕ್ತಿಕ ಖಾತೆಯಿಂದ ಸಂಚಯವನ್ನು ಸೃಷ್ಟಿಸಿ, ಮುಂದೆ ಬೇರೆಡೆಗೆ ಹೋದಾಗ ಸಂಸ್ಥೆಗೆ ತೊಡಕಾಗುವುದು ಇದರಿಂದಲೇ. ವ್ಯಕ್ತಿಯ ಬದಲು 'ಸಂಪಾದಕ' ಎಂಬಂತಹ ಪಾತ್ರವೊಂದನ್ನು ಒಡೆಯನನ್ನಾಗಿಸುವುದು ಲೇಸು. ಪೋಸ್ಟ್‌ಗ್ರೆಸ್‌ನಲ್ಲಿ ಹೊಸ ಸಂಚಯಕ್ಕೆ ಸಂಪರ್ಕ ಹೊಂದುವ ಹಕ್ಕು ಎಲ್ಲ ಖಾತೆದಾರರಿಗೂ ತಾನಾಗಿ ದೊರೆತಿರುತ್ತದೆ. ಅದನ್ನು ಹಿಂಪಡೆದು, ಓದುಗರಿಗೆ ಓದುವ ಹಕ್ಕನ್ನೂ ಸಂಪಾದಕರಿಗೆ ತಿದ್ದುವ ಹಕ್ಕನ್ನೂ ಪ್ರತ್ಯೇಕವಾಗಿ ನೀಡಬೇಕು.

ಉಪಸಂಹಾರ

ಮೇಲಿನ ವಿವೇಚನೆಯನ್ನು ಒಟ್ಟುಗೂಡಿಸಿದರೆ ಸೃಷ್ಟಿಯ ಆದೇಶವು ಕನ್ನಡದಲ್ಲಿ ಹೀಗಿರುತ್ತದೆ: ಶಾಸನಸೂಚಿ ಎಂಬ ದತ್ತಸಂಚಯವನ್ನು ಸೃಷ್ಟಿಸು, ಒಡೆಯ ಸಂಪಾದಕ, ಅಚ್ಚು ಟೆಂಪ್ಲೇಟ್-0, ಸಂಕೇತೀಕರಣ ಯುಟಿಎಫ್-8, ವಿಂಗಡಣೆಗೆ ಆಧಾರ ಐಸಿಯು, ಭಾಷಾನಿಯಮ ಕನ್ನಡ. ಆದೇಶ ನೆರವೇರಿದೊಡನೆ ಮೊದಲ ಪರೀಕ್ಷೆಯಾಗಿ ಬನವಾಸಿ, ಬಸರಾಳು, ಬಳ್ಳಾರಿ ಎಂಬ ಮೂರು ಹೆಸರುಗಳನ್ನು ಸೇರಿಸಿ ವಿಂಗಡಿಸಿ ನೋಡಬೇಕು. ಬಳಿಕ 'ಪೊೞಲ್' ಪದವನ್ನು ಎರಡು ಕೀಲಿಮಣೆಗಳಿಂದ ಬರೆದು ಹುಡುಕಬೇಕು. ಅರ್ಧ ಗಂಟೆಯೂ ಹಿಡಿಯದ ಈ ಪರೀಕ್ಷೆಯಲ್ಲಿ ತಪ್ಪು ಕಂಡರೆ ಖಾಲಿ ಸಂಚಯವನ್ನು ಅಳಿಸಿ ಮತ್ತೆ ಆರಂಭಿಸಲು ಯಾವ ನಷ್ಟವೂ ಇಲ್ಲ. ಹತ್ತು ಸಾವಿರ ಶಾಸನಗಳನ್ನು ಸೇರಿಸಿದ ಮೇಲೆ ಅದೇ ತಪ್ಪು ತಿಳಿದರೆ ವರ್ಷಗಳ ಶ್ರಮವನ್ನು ಮತ್ತೆ ಪರಿಶೀಲಿಸಬೇಕಾಗುತ್ತದೆ.

ಕಲ್ಲಿನ ಮೇಲಿನ ಅಕ್ಷರ ಸವೆದರೆ ಆ ಸವೆತ ಕಣ್ಣಿಗೆ ಕಾಣುತ್ತದೆ. ಸಂಪಾದಕರು ಅಲ್ಲಿ ಚುಕ್ಕಿಗಳನ್ನಿಟ್ಟು ಓದುಗರನ್ನು ಎಚ್ಚರಿಸುತ್ತಾರೆ. ದತ್ತಸಂಚಯದಲ್ಲಿ ಕಳೆದುಹೋದ ಪದಕ್ಕೆ ಅಂತಹ ಗುರುತಿರುವುದಿಲ್ಲ. ಆದುದರಿಂದ ಸಂಚಯದ ಸ್ಥಾಪನೆಯನ್ನು ತಂತ್ರಜ್ಞರ ಕೆಲಸವೆಂದು ಬಿಟ್ಟುಬಿಡದೆ, ಭಾಷೆಯನ್ನು ಬಲ್ಲ ವಿದ್ವಾಂಸರು ಮೊದಲ ದಿನವೇ ಅವರ ಪಕ್ಕದಲ್ಲಿ ಕುಳಿತು ಈ ನಿರ್ಣಯಗಳನ್ನು ಕೈಗೊಳ್ಳಬೇಕಾದುದು ಅತ್ಯಗತ್ಯ.